ಹಡಗು ಹತ್ತಿದವರ ನುಡಿ: ಐರಿಷ್ ಭಾಷೆ ಅಳಿದು ಉಳಿದ ಕಥೆ

ಕೊಲ್ಲಿಯ ಆಸ್ಪತ್ರೆಗಳಲ್ಲಿ ಕೆಲವು ವರ್ಷ ದುಡಿದು, ಪರೀಕ್ಷೆ ಬರೆದು ಐರ್ಲೆಂಡಿಗೆ ಹೋದ ನರ್ಸ್ ಸೋದರಿಯರು ನಮ್ಮಲ್ಲಿ ಹಲವರಿಗೆ ಗೊತ್ತು. ನಮ್ಮ ರಾಜ್ಯೋತ್ಸವದ ಪಂಕ್ತಿಯಲ್ಲಿ ಬಡಿಸಿದವರು ಈಗ ಫೋನಿನಲ್ಲಿ ಮಾತ್ರ ಸಿಗುತ್ತಾರೆ. ಅಲ್ಲಿನ ಮಳೆ, ಚಳಿ, ಮನೆ ಬಾಡಿಗೆಯ ಮಾತು ಮುಗಿದ ಮೇಲೆ ಅವರು ಹೇಳುವ ಒಂದು ಸಂಗತಿ ನಮ್ಮನ್ನು ಯೋಚನೆಗೆ ಹಚ್ಚಿತು. ಅಲ್ಲಿ ರಸ್ತೆಯ ಫಲಕಗಳಲ್ಲೆಲ್ಲ ಎರಡು ಭಾಷೆ. ಮೇಲೆ ಐರಿಷ್, ಕೆಳಗೆ ಇಂಗ್ಲಿಷ್. ಡಬ್ಲಿನ್ ಪಟ್ಟಣಕ್ಕೆ ಫಲಕದಲ್ಲಿ ಇನ್ನೊಂದು ಉದ್ದನೆಯ ಹೆಸರಿದೆ; ಹೆಣೆದ ತಡಿಕೆ ಹಾಸಿದ ಕಡವಿನ ಊರು ಎಂದು ಅದರ ಅರ್ಥ. ಪೊಲೀಸರಿಗೆ ಗಾರ್ಡಾ ಎನ್ನುತ್ತಾರೆ, ಪ್ರಧಾನಿಯ ಹುದ್ದೆಗೂ ಐರಿಷ್ ಹೆಸರೇ. ಆದರೆ ವಾರ್ಡಿನಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ದಿನವಿಡೀ ಕಿವಿಗೆ ಬೀಳುವುದು ಇಂಗ್ಲಿಷ್. ಫಲಕದಲ್ಲಿರುವ ಭಾಷೆ ಬಾಯಲ್ಲಿ ಏಕಿಲ್ಲ? ಬಾಯಲ್ಲಿ ಇಲ್ಲದ್ದು ಫಲಕಕ್ಕೆ ಹೇಗೆ ಬಂತು?

ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದು ಆರೂವರೆ ಶತಮಾನಗಳ ಚರಿತ್ರೆ. ಅದರಲ್ಲಿ ದೊರೆಗಳು, ಕಾಯ್ದೆಗಳು, ಯುದ್ಧಗಳು ಎಲ್ಲ ಇವೆ. ನಮ್ಮ ಮನಸ್ಸಿಗೆ ತಟ್ಟಿದ್ದು ಮಾತ್ರ ಅನ್ನ ಹುಡುಕಿಕೊಂಡು ಊರು ಬಿಟ್ಟವರ ಪಾಲು. ಆ ಭಾಷೆ ಸೊರಗಿದ್ದರಲ್ಲೂ ಅವರ ಕೈ ಇತ್ತು, ಮತ್ತೆ ಚಿಗುರಿದ್ದರಲ್ಲೂ ಅವರ ಕೈ ಇತ್ತು. ಊರು ಬಿಟ್ಟು ಬಂದ ನಾವು ಈ ಕಥೆಯನ್ನು ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಹೇಳಿಕೊಳ್ಳುತ್ತಿರುವುದು ಅದಕ್ಕಾಗಿ.

ಕಾಯ್ದೆಗೆ ಬಗ್ಗದ ಮಾತು

ಐರಿಷ್ ಎಂದರೆ ಇಂಗ್ಲಿಷಿನ ಒಂದು ಬಗೆ ಎಂದು ನಮ್ಮಲ್ಲಿ ಕೆಲವರು ತಿಳಿದಿದ್ದೆವು. ಅದು ತಪ್ಪು. ಅದು ಕೆಲ್ಟಿಕ್ ಕುಟುಂಬದ ಬೇರೆಯೇ ಭಾಷೆ. ಸ್ಕಾಟ್ಲೆಂಡಿನ ಗೇಲಿಕ್ ಅದರ ಒಡಹುಟ್ಟು. ವೇಲ್ಸಿನ ವೆಲ್ಷ್ ಅದರ ದಾಯಾದಿ. ಸಾವಿರ ವರ್ಷಕ್ಕೂ ಹಿಂದಿನ ಬರಹ ಅದರಲ್ಲಿದೆ.

ಇಂಗ್ಲೆಂಡಿನಿಂದ ಬಂದು ಐರ್ಲೆಂಡಿನಲ್ಲಿ ನೆಲೆಸಿದವರು ಐರಿಷ್ ಆಡಬಾರದು ಎಂದು 1366ರಲ್ಲಿ ಕಿಲ್ಕೆನಿ ಎಂಬ ಊರಿನಲ್ಲಿ ಕಾಯ್ದೆ ಮಾಡಿದರು. ಬಂದವರೇ ಊರ ಭಾಷೆ ಕಲಿತು ಊರವರಾಗುತ್ತಿದ್ದರು ಎಂಬುದು ಆ ಕಾಯ್ದೆಯಿಂದಲೇ ತಿಳಿಯುತ್ತದೆ. ಕಾಯ್ದೆ ಹೆಚ್ಚು ಫಲ ಕೊಡಲಿಲ್ಲ. 1601ರ ಕಿನ್ಸೇಲ್ ಯುದ್ಧದಲ್ಲಿ ಐರಿಷ್ ಪಾಳೆಯಗಾರರು ಸೋತರು. 1607ರಲ್ಲಿ ಅವರಲ್ಲಿ ಪ್ರಮುಖರು ದೇಶ ಬಿಟ್ಟರು. ಕವಿಗಳಿಗೆ, ಪಂಡಿತರಿಗೆ ಆಶ್ರಯ ತಪ್ಪಿತು. ಭೂಮಿ ಹೊಸ ಒಡೆಯರ ಪಾಲಾಯಿತು. 1737ರ ಇನ್ನೊಂದು ಕಾಯ್ದೆ, ನ್ಯಾಯಾಲಯದ ವ್ಯವಹಾರವೆಲ್ಲ ಇಂಗ್ಲಿಷಿನಲ್ಲೇ ನಡೆಯಬೇಕು ಎಂದಿತು. ಹೊಲ, ಹಟ್ಟಿ, ಸಂತೆಗಳಲ್ಲಿ ಐರಿಷ್ ಇನ್ನೂ ಬದುಕಿತ್ತು. ಆದರೆ ಭೂಮಿ, ಕೋರ್ಟು, ಪದವಿ, ಹಣ ಇವೆಲ್ಲ ಇನ್ನೊಂದು ಭಾಷೆಯ ಬಳಿಗೆ ಹೋಗಿದ್ದವು.

ಕೊರಳಿನ ಕೋಲು

1831ರಲ್ಲಿ ಸರ್ಕಾರ ಊರೂರಿಗೆ ಶಾಲೆ ತೆರೆಯಿತು. ಪಾಠ ಇಂಗ್ಲಿಷಿನಲ್ಲಿ. ಮನೆಯಲ್ಲಿ ಐರಿಷ್ ಬಿಟ್ಟು ಬೇರೆ ಅರಿಯದ ಮಕ್ಕಳು ಇಂಗ್ಲಿಷ್ ಮಾತ್ರ ಬಲ್ಲ ಮೇಷ್ಟ್ರ ಎದುರು ಕುಳಿತರು. ಹಲವು ಕಡೆ ಮಗುವಿನ ಕೊರಳಿಗೆ ಒಂದು ಸಣ್ಣ ಕೋಲು ಕಟ್ಟುವ ರೂಢಿ ಇತ್ತು. ಐರಿಷ್ ಮಾತೊಂದು ಬಾಯಿಂದ ಬಂದರೆ ಆ ಕೋಲಿನ ಮೇಲೆ ಒಂದು ಗೀರು. ದಿನದ ಕೊನೆಗೆ ಗೀರು ಎಣಿಸಿ ಅಷ್ಟು ಪೆಟ್ಟು. ಓದುವಾಗ ನಮಗೆ ನೋವಾದದ್ದು ಇನ್ನೊಂದು ವಿಷಯಕ್ಕೆ. ಆ ಗೀರು ಹಾಕುವ ಕೆಲಸದಲ್ಲಿ ತಂದೆತಾಯಿಯರೂ ಮೇಷ್ಟ್ರಿಗೆ ಜೊತೆಯಾಗಿದ್ದರು. ಮನೆಯಲ್ಲಿ ಮಗು ಐರಿಷ್ ಆಡಿದರೆ ಅಪ್ಪನೇ ಗೀರು ಹಾಕಿ ಕಳಿಸುತ್ತಿದ್ದ.

ಆ ಅಪ್ಪ ತನ್ನ ಭಾಷೆಯನ್ನು ದ್ವೇಷಿಸುತ್ತಿದ್ದನೆ? ಹಾಗೆ ನಮಗೆ ಅನಿಸುವುದಿಲ್ಲ. ಅವನಿಗೆ ಮಗನ ಹೊಟ್ಟೆಯ ಚಿಂತೆ. ಆ ಕಾಲದ ದೊಡ್ಡ ನಾಯಕ ಡೇನಿಯಲ್ ಓಕಾನೆಲ್ ಕೂಡ ಕೆರಿ ಪ್ರಾಂತದ ಐರಿಷ್ ಮಾತಿನ ನಡುವೆ ಬೆಳೆದವನು. ಲಕ್ಷಾಂತರ ಜನರನ್ನು ಸೇರಿಸಿ 1829ರಲ್ಲಿ ಕ್ಯಾಥೊಲಿಕರಿಗೆ ರಾಜಕೀಯ ಹಕ್ಕು ದೊರಕಿಸಿಕೊಟ್ಟವನು. ಇಂಗ್ಲಿಷಿನ ಉಪಯೋಗ ಎಷ್ಟೋ ಹೆಚ್ಚು, ಐರಿಷ್ ಮರೆಯಾದರೆ ತನಗೆ ದುಃಖವಿಲ್ಲ ಎಂಬುದು ಅವನ ನಿಲುವಾಗಿತ್ತು. ನಾಯಕನೇ ಹಾಗೆ ಎಣಿಸಿದ ಮೇಲೆ ಬಡ ರೈತನನ್ನು ಏನು ದೂರುವುದು?

ಅಷ್ಟರಲ್ಲಿ 1845 ಬಂತು. ಬಡವರ ಒಂದೇ ಆಹಾರವಾಗಿದ್ದ ಆಲೂಗಡ್ಡೆಗೆ ಅಂಗಮಾರಿ ರೋಗ ಬಡಿದು ಬೆಳೆ ಹೊಲದಲ್ಲೇ ಕೊಳೆಯಿತು. ಮುಂದಿನ ವರ್ಷಗಳಲ್ಲೂ ಬೆಳೆ ಕೈಗೆ ಹತ್ತಲಿಲ್ಲ. ಸುಮಾರು 10 ಲಕ್ಷ ಜನ ಹಸಿವು, ಜ್ವರಗಳಿಂದ ಸತ್ತರು. ಅಷ್ಟೇ ಅಥವಾ ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. 1841ರಲ್ಲಿ ಸುಮಾರು 82 ಲಕ್ಷ ಇದ್ದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿಯಿತು. ಹೆಚ್ಚು ಪೆಟ್ಟು ತಿಂದದ್ದು ಪಶ್ಚಿಮದ, ದಕ್ಷಿಣದ ಬಡ ಹಳ್ಳಿಗಳು. ಐರಿಷ್ ಹೆಚ್ಚಾಗಿ ಉಳಿದಿದ್ದದ್ದು ಅಲ್ಲೇ. ಭಾಷೆಯ ಲೆಕ್ಕ ಮೊದಲ ಸಲ ತೆಗೆದದ್ದು 1851ರ ಜನಗಣತಿಯಲ್ಲಿ: ಐರಿಷ್ ಬಲ್ಲವರು 15 ಲಕ್ಷ ಚಿಲ್ಲರೆ. 1891ಕ್ಕೆ ಅದು ಸುಮಾರು 6 ಲಕ್ಷ 80 ಸಾವಿರ.

ಹಡಗು ಹತ್ತುವ ಹಿಂದಿನ ರಾತ್ರಿ ಊರವರೆಲ್ಲ ಸೇರಿ, ಸತ್ತವರ ಮನೆಯಲ್ಲಿ ಜಾಗರಣೆ ಕೂರುವಂತೆ, ಬೆಳಗಿನವರೆಗೆ ಹಾಡಿ ಅತ್ತು ಕಳಿಸಿಕೊಡುತ್ತಿದ್ದರು. ಅದಕ್ಕೆ ಅಮೆರಿಕದ ಜಾಗರಣೆ ಎಂದೇ ಹೆಸರು. ಹೋದವರು ಮರಳುವ ಆಸೆ ಇರಲಿಲ್ಲ. ಎರಡು ವರ್ಷಕ್ಕೊಮ್ಮೆ ರಜೆಗೆ ಹೋಗಿಬರುವ ನಮ್ಮ ಪುಣ್ಯ ಅವರಿಗಿರಲಿಲ್ಲ. ಆಮೇಲೆ ಬೋಸ್ಟನ್, ನ್ಯೂಯಾರ್ಕ್‌ಗಳಿಂದ ಕಾಗದ ಬರುತ್ತಿತ್ತು, ಒಳಗೆ ಹಣ, ತಮ್ಮನಿಗೋ ತಂಗಿಗೋ ಟಿಕೆಟ್ಟು. ಅಲ್ಲಿ ಕೆಲಸ ಸಿಗುವುದು ಇಂಗ್ಲಿಷ್ ಬಂದವರಿಗೆ ಎಂಬುದು ಊರಿಗೇ ತಿಳಿಯಿತು. ಹಡಗು ಹತ್ತಬೇಕಾದ ಮಗುವಿಗೆ ಐರಿಷ್ ಏಕೆ ಎಂದು ಮನೆಮನೆಯಲ್ಲಿ ಲೆಕ್ಕ ಹಾಕಿದರು. ಅಪ್ಪ ಅಮ್ಮ ತಮ್ಮೊಳಗೆ ಐರಿಷ್, ಮಕ್ಕಳ ಜೊತೆ ಹರಕು ಇಂಗ್ಲಿಷ್. ನಾಲ್ಕು ಶತಮಾನ ಕಾಯ್ದೆಯಿಂದ ಆಗದ ಕೆಲಸ ಎರಡು ತಲೆಮಾರಿನಲ್ಲಿ ಅಡುಗೆಮನೆಯಲ್ಲೇ ಆಗಿಹೋಯಿತು.

ಕಡಲಾಚೆಯಿಂದ ಬಂದ ಪತ್ರಿಕೆ

ಈಗ ಕಥೆಯ ಇನ್ನೊಂದು ಮುಖ. ಗಾಲ್ವೇ ಪ್ರಾಂತದಿಂದ ವಲಸೆ ಹೋಗಿ ನ್ಯೂಯಾರ್ಕ್ ಪಕ್ಕದ ಬ್ರೂಕ್ಲಿನ್‌ನಲ್ಲಿ ಮೇಷ್ಟ್ರಾಗಿದ್ದ ಮೈಕೆಲ್ ಲೋಗನ್ ಎಂಬಾತ 1870ರ ದಶಕದಲ್ಲಿ ಅಲ್ಲಿನ ಐರಿಷ್ ಜನರಿಗೆ ಅವರ ಭಾಷೆಯನ್ನೇ ಕಲಿಸುವ ತರಗತಿ ಶುರುಮಾಡಿದ. 1881ರಲ್ಲಿ ‘ಆನ್ ಗೇಲ್’ ಎಂಬ ಪತ್ರಿಕೆ ಹೊರಡಿಸಿದ. ಅರ್ಧ ಐರಿಷ್, ಅರ್ಧ ಇಂಗ್ಲಿಷ್. ಡಬ್ಲಿನ್‌ನಲ್ಲಿ ಅಂಥದೇ ಪತ್ರಿಕೆ ಹುಟ್ಟಿದ್ದು ಅದರ ಮರುವರ್ಷ, 1882ರಲ್ಲಿ. ತಾಯ್ನಾಡಿಗಿಂತ ಮೊದಲು ಹೊರನಾಡಿನಲ್ಲಿ ಪತ್ರಿಕೆ! 1899ರಲ್ಲಿ ಕಣ್ಣುಮುಚ್ಚುವ ತನಕ ಲೋಗನ್ ಅದನ್ನು ನಡೆಸಿದ. ಡ್ಯೂಟಿ ಮುಗಿಸಿ ಬಂದು, ರಾತ್ರಿ ಪ್ರೂಫ್ ತಿದ್ದಿ, ಜಾಹೀರಾತಿಗಾಗಿ ಅಂಗಡಿ ಅಂಗಡಿ ಸುತ್ತಿ ಈ ಸಂಚಿಕೆ ತರುವ ನಮ್ಮ ಗೆಳೆಯರಿಗೆ ಅವನ ಕಷ್ಟ ಬಿಡಿಸಿ ಹೇಳಬೇಕಿಲ್ಲ.

1893ರ ಜುಲೈ 31ರಂದು ಡಬ್ಲಿನ್‌ನಲ್ಲಿ ಗೇಲಿಕ್ ಲೀಗ್ ಹುಟ್ಟಿತು. ಅದರ ಅಧ್ಯಕ್ಷ ಡಗ್ಲಸ್ ಹೈಡ್, ಪ್ರಾಟೆಸ್ಟಂಟ್ ಪಾದ್ರಿಯ ಮಗ. ಐರಿಷ್ ಅವನ ಮನೆಮಾತಲ್ಲ. ರಾಸ್ಕಾಮನ್ ಪ್ರಾಂತದಲ್ಲಿ ಬೆಳೆಯುವಾಗ ಊರಿನ ಕೆಲಸಗಾರರು, ಮುದುಕ ಮುದುಕಿಯರ ಬಾಯಿಂದ ಕೇಳಿ ಕಲಿತದ್ದು. ಭಾಷೆ ಯಾವ ಒಂದು ಮತದ ಸ್ವತ್ತೂ ಅಲ್ಲ ಎಂದು ಅವನು ನಂಬಿದ್ದ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಉರ್ದು ಆಡಿ, ಸಂಘದಲ್ಲಿ ಕನ್ನಡದ ಕೆಳಗೆ ಒಟ್ಟು ಸೇರುವ ನಮಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ.

ಅದೇ ಹೊತ್ತಿಗೆ ನಮ್ಮ ನಾಡಿನಲ್ಲೂ ಅಂಥ ಕೆಲಸ ನಡೆಯುತ್ತಿತ್ತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಕಡೆ ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ. ಅಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಇಲಾಖೆಯ ಅಧಿಕಾರಿಯಾಗಿ ಕನ್ನಡ ಶಾಲೆಗಳನ್ನು ಬೆಳೆಸಿದರು. 1890ರ ಜುಲೈ 20ರಂದು ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಗೇಲಿಕ್ ಲೀಗಿಗಿಂತ ಅದು ಮೂರು ವರ್ಷ ಹಿರಿದು. ಒಂದೇ ಸಾಮ್ರಾಜ್ಯದ ಎರಡು ಮೂಲೆಗಳಲ್ಲಿ ಜನ ಒಂದೇ ಬಗೆಯ ಸಂಕಟಕ್ಕೆ ಒಂದೇ ಬಗೆಯ ಮದ್ದು ಹುಡುಕುತ್ತಿದ್ದರು.

ಲೀಗಿನ ಕೆಲಸ ಸರಳವಾಗಿತ್ತು. ಸಂಜೆ ತರಗತಿ, ಸೈಕಲ್ಲಿನ ಮೇಲೆ ಊರೂರು ಸುತ್ತುವ ಶಿಕ್ಷಕರು, ಅಗ್ಗದ ಪಾಠಪುಸ್ತಕ, ಹಾಡು, ಕುಣಿತ. ಇಂದು ಐರ್ಲೆಂಡಿನ ಊರೂರಿನಲ್ಲೂ ನಡೆಯುವ ‘ಕೇಲಿ’ ಎಂಬ ಕುಣಿತದ ಕೂಟವನ್ನು ಆ ಹೆಸರಿನಲ್ಲಿ ಮೊದಲು ನಡೆಸಿದ್ದು ಲೀಗಿನ ಲಂಡನ್ ಶಾಖೆ, 1897ರಲ್ಲಿ. ಅಲ್ಲಿಗೆ ಬಂದವರು ದುಡಿಯಲು ಲಂಡನ್ನಿಗೆ ಹೋದ ಐರಿಷ್ ಜನ. ಕೊಲ್ಲಿಯಲ್ಲಿ ಯಕ್ಷಗಾನ ಆಡಿಸುವ, ಹುಲಿವೇಷ ಕುಣಿಸುವ ನಮ್ಮವರ ಪೂರ್ವಿಕರೆಂದೇ ಅವರನ್ನು ಕರೆಯಬಹುದು. 1905–06ರಲ್ಲಿ ಹೈಡ್ ಅಮೆರಿಕವೆಲ್ಲ ಸುತ್ತಿ ವಲಸಿಗರಿಂದ 50,000 ಡಾಲರಿಗೂ ಹೆಚ್ಚು ಕೂಡಿಸಿದ. ಅಷ್ಟರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೂಕಂಪವಾಯಿತು; ಆ ಊರಿನವರು ಕೊಟ್ಟಿದ್ದ ಹಣದಲ್ಲಿ ಒಂದು ಪಾಲನ್ನು ಅಲ್ಲಿನ ಸಂತ್ರಸ್ತರಿಗೇ ಮರಳಿಸಿದ.

ಇದೇ ಕಾಲದ ಇನ್ನೊಂದು ಪ್ರಸಂಗ ಹೇಳಲೇಬೇಕು. ಎತ್ತು ಕುದುರೆಗಳ ಗಾಡಿಯ ಮೇಲೆ ಒಡೆಯನ ಹೆಸರನ್ನು ಓದಲು ಬರುವ ಅಕ್ಷರಗಳಲ್ಲಿ ಬರೆದಿರಬೇಕೆಂದು ಕಾನೂನು. ಡಾನಿಗಾಲ್ ಪ್ರಾಂತದ ನೀಲ್ ಮ್ಯಾಕ್‌ಬ್ರೈಡ್ ಎಂಬ ರೈತಕವಿ ತನ್ನ ಗಾಡಿಯ ಮೇಲೆ ಹೆಸರನ್ನು ಐರಿಷಿನಲ್ಲಿ ಬರೆಸಿದ. ಪೊಲೀಸರು ಕೇಸು ಹಾಕಿದರು, ದಂಡ ಬಿತ್ತು. 1905ರಲ್ಲಿ ಮೇಲ್ಮನವಿ ಡಬ್ಲಿನ್ನಿಗೆ ಬಂದಾಗ ಅವನ ಪರ ವಾದಿಸಿದ ತರುಣ ವಕೀಲ ಪ್ಯಾಟ್ರಿಕ್ ಪಿಯರ್ಸ್. ವಾದ ಸೋತಿತು. ಆ ಪಿಯರ್ಸ್ ಮುಂದೆ ವಕೀಲಿಕೆ ಬಿಟ್ಟು 1908ರಲ್ಲಿ ಶಾಲೆ ತೆರೆದ. 1916ರ ಬಂಡಾಯದ ಮುಂದಾಳಾಗಿ ಗುಂಡಿಗೆ ಎದೆಯೊಡ್ಡಿದ. ಗಾಡಿಯ ಮೇಲಿನ ಒಂದು ಹೆಸರಿಗೆ ಕೋರ್ಟಿನವರೆಗೆ ಹೋದದ್ದು ಹುಚ್ಚು ಎಂದು ಆಗ ನಕ್ಕವರೂ ಇದ್ದಿರಬೇಕು. ಇಂದಿನ ರಸ್ತೆ ಫಲಕಗಳಿಗೆ ದಾರಿ ತೆರೆದದ್ದು ಅಂಥ ಹುಚ್ಚರು.

ಸರ್ಕಾರ ಕೊಟ್ಟದ್ದು, ಕೊಡಲಾಗದ್ದು

1922ರಲ್ಲಿ ಐರ್ಲೆಂಡಿನ ಬಹುಭಾಗ ಸ್ವತಂತ್ರವಾಯಿತು. ಐರಿಷ್ ರಾಷ್ಟ್ರಭಾಷೆಯಾಯಿತು. 1937ರ ಸಂವಿಧಾನ ಅದನ್ನು ಮೊದಲ ಅಧಿಕೃತ ಭಾಷೆ ಎಂದಿತು. 1938ರಲ್ಲಿ ದೇಶದ ಮೊದಲ ಅಧ್ಯಕ್ಷನಾಗಿ ಡಗ್ಲಸ್ ಹೈಡ್ ಅಧಿಕಾರ ವಹಿಸಿದ. ಶಾಲೆಗಳಲ್ಲಿ ಐರಿಷ್ ಕಡ್ಡಾಯವಾಯಿತು. ಆ ಭಾಷೆ ಇನ್ನೂ ಮನೆಮಾತಾಗಿದ್ದ ಪಶ್ಚಿಮ ಕರಾವಳಿಯ ಹಳ್ಳಿಗಳನ್ನು ‘ಗೇಲ್ಟಾಕ್ಟ್’ ಎಂದು ಗುರುತಿಸಿದರು. 1935ರಲ್ಲಿ ಕಲ್ಲುನೆಲದ ಕಾನೆಮಾರಾದಿಂದ 27 ಕುಟುಂಬಗಳನ್ನು ಡಬ್ಲಿನ್ ಸಮೀಪದ ಫಲವತ್ತಾದ ಮೀತ್ ಪ್ರಾಂತಕ್ಕೆ ಕರೆತಂದು ಜಮೀನು ಕೊಟ್ಟು ನೆಲೆಗೊಳಿಸಿದರು. ಆ ಪುಟ್ಟ ಊರು ರಾ ಕಾರನ್‌ನಲ್ಲಿ ಇಂದಿಗೂ ಐರಿಷ್ ಉಳಿದಿದೆ.

ಆ ದಿನಗಳ ಒಂದು ಕೆಲಸ ನಮಗೆ ಬಹಳ ಹಿಡಿಸಿತು. 1937ರಿಂದ 1939ರವರೆಗೆ ಸುಮಾರು 5,000 ಶಾಲೆಗಳ ದೊಡ್ಡ ಮಕ್ಕಳಿಗೆ ಒಂದು ಮನೆಪಾಠ ಕೊಟ್ಟರು: ಮನೆಯ, ನೆರೆಮನೆಯ ಹಿರಿಯರ ಹತ್ತಿರ ಹೋಗಿ ಅವರು ಹೇಳುವ ಕಥೆ, ಗಾದೆ, ಮನೆಮದ್ದು, ಹಬ್ಬದಾಚರಣೆ, ಹೊಲಗದ್ದೆಗಳ ಹೆಸರು ಎಲ್ಲವನ್ನೂ ಬರೆದು ತನ್ನಿ. 50,000ಕ್ಕೂ ಹೆಚ್ಚು ಮಕ್ಕಳು ಸೇರಿ ಲಕ್ಷಗಟ್ಟಲೆ ಪುಟ ಬರೆದರು. ನೂರು ವರ್ಷ ಹಿಂದೆ ಅಜ್ಜನ ಭಾಷೆಗಾಗಿ ಕೊರಳಿಗೆ ಕೋಲು ಕಟ್ಟಿದ ಶಾಲೆಯೇ ಈಗ ಮಗುವನ್ನು ಅಜ್ಜನ ಹತ್ತಿರ ಕಳಿಸಿತು.

ಆದರೂ ಕಡ್ಡಾಯ ಎಂಬುದು ಕಹಿಯೂ ಆಯಿತು. ಐರಿಷಿನಲ್ಲಿ ಪಾಸಾಗದಿದ್ದರೆ ಶಾಲೆಯ ಕೊನೆಯ ಪರೀಕ್ಷೆಯೇ ಫೇಲು ಎಂಬ ನಿಯಮ 1973ರವರೆಗೆ ಇತ್ತು. ವರ್ಷಗಟ್ಟಲೆ ಓದಿ, ಪರೀಕ್ಷೆ ಬರೆದು, ಮಾತಾಡಲು ಬಾರದೆ ಹೊರಬಂದವರು ಲೆಕ್ಕವಿಲ್ಲದಷ್ಟು. 2022ರ ಜನಗಣತಿ ಅದಕ್ಕೆ ಸಾಕ್ಷಿ. ಐರಿಷ್ ಬರುತ್ತದೆ ಎಂದು ಬರೆಸಿದವರು 18 ಲಕ್ಷ 73 ಸಾವಿರಕ್ಕೂ ಹೆಚ್ಚು, ನೂರಕ್ಕೆ 40. ಶಾಲೆಯ ಹೊರಗೆ ದಿನವೂ ಆಡುವವರು ಸುಮಾರು 72 ಸಾವಿರ ಮಾತ್ರ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಫಲಕವನ್ನು ಸರ್ಕಾರ ನೆಡಬಹುದು. ಅಡುಗೆಮನೆಯಲ್ಲಿ ಕಳೆದದ್ದು ಅಡುಗೆಮನೆಗೇ ಮರಳಬೇಕು.

ಐದು ಮನೆ, ಒಂಬತ್ತು ಮಕ್ಕಳು

ಹಾಗೆ ಮರಳಿದ್ದುಂಟೆ? ಉಂಟು. ಬ್ರಿಟಿಷ್ ಆಡಳಿತದಲ್ಲೇ ಉಳಿದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಐರಿಷಿಗೆ ಸರ್ಕಾರದ ಬೆಂಬಲವೇ ಇರಲಿಲ್ಲ. ಅಲ್ಲಿ ಶಾಸ್ ರೋಡ್ ಎಂಬಲ್ಲಿ 1969ರಲ್ಲಿ ಐದು ಕುಟುಂಬಗಳು ಒಟ್ಟಾಗಿ ಜಾಗ ಹಿಡಿದು ಮನೆ ಕಟ್ಟಿಕೊಂಡವು. ಅವರು ಐರಿಷನ್ನು ದೊಡ್ಡವರಾದ ಮೇಲೆ ಕಲಿತವರು, ದುಡಿದು ತಿನ್ನುವ ಸಾಮಾನ್ಯ ಜನ. ನಮ್ಮ ಮಕ್ಕಳನ್ನು ಐರಿಷಿನಲ್ಲೇ ಬೆಳೆಸುತ್ತೇವೆ ಎಂಬುದೊಂದೇ ಅವರ ಒಪ್ಪಂದ. ಊರಿನಲ್ಲಿ ಗಲಭೆ, ಬೆಂಕಿಯ ಕಾಲ ಅದು. ಆ ವರ್ಷ ಸುಟ್ಟುಹೋದ ಬಾಂಬೆ ಸ್ಟ್ರೀಟ್ ಎಂಬ ಬೀದಿಯ ಮನೆಗಳನ್ನು ಮತ್ತೆ ಕಟ್ಟುವುದಕ್ಕೂ ಇವರಲ್ಲಿ ಕೆಲವರು ಕೈಜೋಡಿಸಿದರು.

1971ರಲ್ಲಿ ತಾವೇ ಒಂದು ಶಾಲೆ ತೆರೆದರು. ಮೊದಲ ದಿನ ಒಂಬತ್ತು ಮಕ್ಕಳು. ಸರ್ಕಾರದ ಅನುದಾನ ಬಂದದ್ದು 1984ರಲ್ಲಿ. ನಡುವಿನ ಹದಿಮೂರು ವರ್ಷ ಚಂದಾ ಎತ್ತಿ, ಲಾಟರಿ ಚೀಟಿ ಮಾರಿ ಮೇಷ್ಟ್ರ ಸಂಬಳ ಕೊಟ್ಟರು. ಇಂದು ಬೆಲ್‌ಫಾಸ್ಟಿನಲ್ಲಿ ಐರಿಷ್ ಮಾಧ್ಯಮದ ಹೈಸ್ಕೂಲೂ ಇದೆ. ಇಡೀ ದ್ವೀಪದಲ್ಲಿ ಅಂಥ ಶಾಲೆಗಳು ನೂರಾರು. ಅದೇ ನಗರದ ಮೂವರು ಹುಡುಗರ ತಂಡ ಐರಿಷಿನಲ್ಲಿ ರ‍್ಯಾಪ್ ಹಾಡಿ ಜಗತ್ತು ಸುತ್ತುತ್ತಿದೆ. ಪಶ್ಚಿಮದಲ್ಲಿ ಕಾನೆಮಾರಾದ ತರುಣರು 1970ರಲ್ಲಿ ಪರವಾನಗಿಯಿಲ್ಲದ ರೇಡಿಯೊ ಹಾಕಿ ಹಟ ಹಿಡಿದರು. 1972ರಲ್ಲಿ ಸರ್ಕಾರವೇ ಐರಿಷ್ ರೇಡಿಯೊ ತೆರೆಯಿತು, 1996ರಲ್ಲಿ ಟಿವಿ ಬಂತು. 2022ರಲ್ಲಿ ತೆರೆಕಂಡ ಐರಿಷ್ ಚಿತ್ರವೊಂದು ಆಸ್ಕರ್ ಪಟ್ಟಿಗೂ ಏರಿತು.

ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲೂ ಇಂಥದೇ ನಡೆದಿದೆ. ಅಲ್ಲಿನ ಶಾಲೆಗಳಿಂದ ಹವಾಯಿ ಭಾಷೆಯನ್ನು 1896ರ ಕಾಯ್ದೆ ಹೊರಹಾಕಿತ್ತು. 1980ರ ದಶಕದಲ್ಲಿ ಕೆಲವು ತಂದೆತಾಯಿಯರು ಪುಟ್ಟ ಮಕ್ಕಳಿಗಾಗಿ ಶಿಶುವಿಹಾರ ತೆರೆದು ಅದಕ್ಕೆ ‘ಮಾತಿನ ಗೂಡು’ ಎಂದು ಹೆಸರಿಟ್ಟರು. ಹಕ್ಕಿ ಗೂಡಿನಲ್ಲಿ ಮರಿಗೆ ಗುಟುಕು ಕೊಡುವಂತೆ ಮಾತು ಕೊಡುವುದು.

ನಮ್ಮ ಲೆಕ್ಕ

ಕನ್ನಡಕ್ಕೆ ಐರಿಷಿನ ಗತಿ ಬಂದಿದೆ ಎಂದು ನಾವು ಹೇಳುತ್ತಿಲ್ಲ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಎಂದವರು 4 ಕೋಟಿ 37 ಲಕ್ಷ. ಆದರೂ ಬಾಯಿ ಮುಚ್ಚಿ ಕೂರುವ ಹಾಗಿಲ್ಲ. ನಮ್ಮಲ್ಲಿ ಹೆಚ್ಚಿನವರ ಮನೆಮಂದಿ ಊರಿನಲ್ಲೇ ಇದ್ದಾರೆ. ಪ್ರತಿ ತಿಂಗಳು ಎಕ್ಸ್‌ಚೇಂಜಿನ ಸಾಲಿನಲ್ಲಿ ನಿಂತು ಕಳಿಸುವ ಹಣದಲ್ಲಿ ಮೊದಲ ಪಾಲು ಮಕ್ಕಳ ಫೀಸಿಗೆ. ನಾವು ಓದಿದ ಊರ ಕನ್ನಡ ಶಾಲೆಯ ಮುಂದೆಯೇ ಇಂಗ್ಲಿಷ್ ಮಾಧ್ಯಮದ ಬಸ್ಸು ನಿಂತು ನಮ್ಮ ಮಕ್ಕಳನ್ನು ಹತ್ತಿಸಿಕೊಳ್ಳುತ್ತದೆ. ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಯ ಬಗ್ಗೆ ಮಗ ಫೋನಿನಲ್ಲಿ ಹೇಳಿದಾಗ, ಮೇಷ್ಟ್ರು ಹೇಳಿದ ಹಾಗೆ ಕೇಳು ಎಂದವರೂ ನಮ್ಮಲ್ಲಿದ್ದಾರೆ. ಕೊರಳಿನ ಕೋಲಿಗೆ ಗೀರು ಹಾಕಿದ ಆ ಅಪ್ಪನನ್ನು ನೋಡಿ ಬೆಚ್ಚಿದ್ದು ಇದಕ್ಕೇ. ಸೈಟಿನಲ್ಲಿ ಇಂಗ್ಲಿಷ್ ಬಾರದೆ ನಾವು ಪಟ್ಟ ಅವಮಾನ ಮಗನಿಗೆ ಬೇಡ ಎಂಬುದು ನಮ್ಮ ಆಸೆ. ಅದು ತಪ್ಪಲ್ಲ. ಅವನೂ ಅದನ್ನೇ ಅಂದುಕೊಂಡಿದ್ದ.

ಇಂಗ್ಲಿಷ್ ಕಲಿಯಲು ತನ್ನ ಭಾಷೆಯನ್ನು ಬಿಡಲೇಬೇಕು ಎಂಬ ಲೆಕ್ಕ ಮಾತ್ರ ತಪ್ಪು. ಶಾಸ್ ರೋಡಿನ ಮಕ್ಕಳು ಎರಡನ್ನೂ ಕಲಿತರು. ಕಾಸರಗೋಡಿನ ನಮ್ಮ ಗೆಳೆಯರು ಕನ್ನಡ ಶಾಲೆಯಲ್ಲಿ ಓದಿ, ಮಲಯಾಳ ಆಡಿ, ಇಲ್ಲಿ ಇಂಗ್ಲಿಷ್, ಅರಬ್ಬಿಯಲ್ಲಿ ವ್ಯವಹಾರ ಮಾಡುತ್ತಿಲ್ಲವೆ?

ನಾವು ಮಾಡಬಹುದಾದದ್ದು ದೊಡ್ಡದೇನಲ್ಲ. ಕೊಲ್ಲಿಯ ಕೆಲವು ಊರುಗಳಲ್ಲಿ ಶುಕ್ರವಾರ, ಶನಿವಾರ ಕನ್ನಡ ಪಾಠ ನಡೆಯುತ್ತಿದೆ. ಎಂಟು ಹತ್ತು ಮಕ್ಕಳು ಬಂದರೆ ಸಾಕೇ ಎಂದು ಅನುಮಾನಪಡುವವರು ಒಂಬತ್ತರ ಲೆಕ್ಕ ನೆನೆಯಲಿ. ಮನೆಮಂದಿ ಜೊತೆಗಿದ್ದವರು ಊಟದ ಹೊತ್ತಿನಲ್ಲಾದರೂ ಮನೆಮಾತು, ಕನ್ನಡ ಆಡೋಣ. ಕ್ಯಾಂಪಿನ ಕೋಣೆಯಿಂದ ರಾತ್ರಿ ಊರಿಗೆ ವೀಡಿಯೊ ಕಾಲ್ ಮಾಡುವವರು ಮಾರ್ಕು ಎಷ್ಟು ಬಂತು ಎಂದು ಕೇಳಿದ ಮೇಲೆ, ಅಜ್ಜಿ ಇವತ್ತು ಏನು ಕಥೆ ಹೇಳಿದರು, ನಮ್ಮ ಕೆಳಗಿನ ಗದ್ದೆಗೆ ಏನು ಹೆಸರು ಎಂದೂ ಕೇಳೋಣ. ಬರೆದಿಡು, ರಜೆಗೆ ಬಂದಾಗ ಓದುತ್ತೇನೆ ಎನ್ನೋಣ.

ಐರಿಷಿನಲ್ಲಿ ಒಂದು ಗಾದೆಯಿದೆ: ಜಾಣ ಇಂಗ್ಲಿಷಿಗಿಂತ ಮುರುಕು ಐರಿಷ್ ಮೇಲು. ಇಲ್ಲೇ ಹುಟ್ಟಿ ಬೆಳೆದ ಮಗು ನಮ್ಮ ವೇದಿಕೆಯ ಮೇಲೆ ಅಳುಕುತ್ತ, ತಪ್ಪು ತಪ್ಪಾಗಿ ನಾಲ್ಕು ಕನ್ನಡ ಮಾತು ಆಡಿದರೆ ಈ ಸಲದ ರಾಜ್ಯೋತ್ಸವದಲ್ಲಿ ನಾವು ಯಾರೂ ನಗುವುದು ಬೇಡ. ಮೊದಲು ಚಪ್ಪಾಳೆ ತಟ್ಟೋಣ, ತಿದ್ದುವುದು ಆಮೇಲೆ.